ಹಂಗಿನ ಅನ್ನದಿಂದ ಹಕ್ಕಿನ ಅನ್ನಕ್ಕೆ



ಪರಮಪ್ರಸಾದದ ಮಹೋತ್ಸವ ನಮ್ಮ ಬೀದರ್ ಸೀಮೆಗೆ ಬರುವುದು ಮುಂಗಾರಿನ ಜೊತೆಯಲ್ಲಿ. ಭಾಲ್ಕಿ, ಔರಾದ್ ಕಡೆಯ ಹೊಲಗಳಲ್ಲಿ ಹೆಸರು, ಉದ್ದು, ತೊಗರಿ, ಸೋಯಾ ಬಿತ್ತಲು ರೈತರು ಮುಗಿಲು ನೋಡುತ್ತಿರುವ ದಿನಗಳು ಅವು. ಕಳೆದ ಸುಗ್ಗಿಯ ಕಾಳು ಗುಮ್ಮಿಯಲ್ಲಿ ತಳ ಕಂಡಿರುತ್ತದೆ; ಹೊಸ ಬೆಳೆ ಕೈಗೆ ಬರಲು ಇನ್ನೂ ತಿಂಗಳುಗಳು ಬೇಕು. ಬೀಜ ಗೊಬ್ಬರಕ್ಕೆ ಸಾಲ, ಮಕ್ಕಳ ಶಾಲೆಗೆ ಖರ್ಚು, ಎಲ್ಲವೂ ಒಟ್ಟಿಗೆ ಬಂದು ನಿಲ್ಲುತ್ತವೆ. ಬಡವರ ಮನೆಯ ಒಲೆ ತಣ್ಣಗಾಗುವ ಭಯ ಹೆಚ್ಚುವ ಕಾಲವೇ ಇದು. ಇಂಥ ಹೊತ್ತಿನಲ್ಲಿ ನಾವು ಐದು ರೊಟ್ಟಿ, ಎರಡು ಮೀನುಗಳ ಶುಭಸಂದೇಶವನ್ನು ಧ್ಯಾನಿಸುತ್ತೇವೆ.

ಈ ಪವಾಡವನ್ನು ನಾಲ್ವರೂ ಶುಭಸಂದೇಶಕಾರರು ಬರೆದಿದ್ದಾರೆ. ಅದರಲ್ಲಿ ನಮ್ಮ ಗಮನ ತಪ್ಪಿಸಿಕೊಳ್ಳುವ ಮೂರು ಸಣ್ಣ ಸಂಗತಿಗಳಿವೆ. ಮೊದಲನೆಯದು, ಜನರನ್ನು ಕಳುಹಿಸಿಬಿಡೋಣ ಎಂದ ಶಿಷ್ಯರಿಗೆ, ನೀವೇ ಅವರಿಗೆ ಊಟ ಕೊಡಿ ಎಂದು ಹೇಳಿದ ಪ್ರಭು, ಅಲ್ಲೇ ಇದ್ದುದನ್ನು ತರಿಸಿಕೊಂಡರು. ಎರಡನೆಯದು, ರೊಟ್ಟಿ ಮುರಿಯುವ ಮೊದಲು ಜನರನ್ನು ಐವತ್ತೈವತ್ತರ ಪಂಕ್ತಿಯಲ್ಲಿ ಕೂರಿಸಿದರು ಎಂದು ಸಂತ ಲೂಕರು ತಿಳಿಸುತ್ತಾರೆ. ಮೂರನೆಯದು, ಎಲ್ಲರೂ ಉಂಡ ಮೇಲೆ ಉಳಿದ ಚೂರುಗಳನ್ನು ಕೂಡಿಸಿ ಲೆಕ್ಕ ಮಾಡಿದರು. ಹನ್ನೆರಡು ಬುಟ್ಟಿ ತುಂಬಿತು. ಇದ್ದುದನ್ನು ಹೊರತೆಗೆಯುವುದು, ಯಾರೂ ಬಿಟ್ಟುಹೋಗದಂತೆ ಪಂಕ್ತಿ ಹಾಕುವುದು, ಕೊನೆಗೆ ಲೆಕ್ಕ ನೋಡುವುದು. ಹಸಿವನ್ನು ಕಳೆಯಲು ಸರ್ಕಾರಗಳು ಮಾಡಬೇಕಾದದ್ದೂ ಇದೇ ಅಲ್ಲವೇ? ಕಳೆದ ಎಪ್ಪತ್ತು ವರ್ಷಗಳಲ್ಲಿ ಹೊರದೇಶದ ಸಹಾಯ ಮತ್ತು ನಮ್ಮ ಸರ್ಕಾರಗಳ ಯೋಜನೆಗಳು ಬಡವರ ತಟ್ಟೆಯನ್ನು ಹೇಗೆ ಮುಟ್ಟಿದವು ಎಂಬುದನ್ನು ಇದೇ ಬೆಳಕಿನಲ್ಲಿ ನೋಡೋಣ.

ಹಡಗಿನಲ್ಲಿ ಬಂದ ಗೋಧಿ

ನಮ್ಮ ಹಿರಿಯರಲ್ಲಿ ಅನೇಕರಿಗೆ ಶಾಲೆಯ 'ಕೇರ್' ಉಪ್ಪಿಟ್ಟಿನ ನೆನಪಿದೆ. ದಪ್ಪ ನುಚ್ಚಿನ ಗೋಧಿ, ಡಬ್ಬದ ಎಣ್ಣೆ, ಬಿಸಿನೀರಿನಲ್ಲಿ ಕದಡಿದ ಹಾಲಿನ ಪುಡಿ. ಅದರ ಮೂಲ ಅಮೆರಿಕ 1954ರಲ್ಲಿ ಮಾಡಿದ ಒಂದು ಕಾನೂನು. ಪಿ.ಎಲ್. 480 ಎಂಬ ಹೆಸರಿನ ಆ ಕಾನೂನಿನಡಿ ಅಲ್ಲಿನ ಹೆಚ್ಚುವರಿ ಧಾನ್ಯವನ್ನು ಬಡದೇಶಗಳಿಗೆ ಕಳುಹಿಸಲಾಗುತ್ತಿತ್ತು. 1956ರಲ್ಲಿ ಭಾರತ ಮೊದಲ ಒಪ್ಪಂದಕ್ಕೆ ಸಹಿ ಹಾಕಿತು. ಗೋಧಿಯ ಹೆಚ್ಚಿನ ಭಾಗ ಸರ್ಕಾರದ ಮೂಲಕ ಪಡಿತರಕ್ಕೆ ಹೋಗುತ್ತಿತ್ತು. ಒಂದಿಷ್ಟು ಭಾಗ ಕೇರ್, ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್‌ನಂಥ ಸಂಸ್ಥೆಗಳ ಕೈಯಿಂದ ಶಾಲೆ, ಆಸ್ಪತ್ರೆ, ಮಿಷನ್ ಅಂಗಳಗಳನ್ನು ಸೇರುತ್ತಿತ್ತು. ಭಾರತದ ಧರ್ಮಾಧ್ಯಕ್ಷರ ಸಮಾಜಸೇವಾ ಸಂಸ್ಥೆಯಾದ ಕಾರಿತಾಸ್ ಇಂಡಿಯಾ ಕೂಡ ಅದೇ ಕಾಲದಲ್ಲಿ, 1962ರಲ್ಲಿ, ಹುಟ್ಟಿತು. ಕೆಲಸಕ್ಕಾಗಿ ಕಾಳು ಎಂಬ ಪದ್ಧತಿಯಲ್ಲಿ ಎಷ್ಟೋ ಕಡೆ ಬಾವಿ ತೋಡಿದರು, ಒಡ್ಡು ಹಾಕಿದರು, ರಸ್ತೆ ಮಾಡಿದರು.

ಈ ಸಹಾಯ ಜೀವಗಳನ್ನು ಉಳಿಸಿತು ಎಂಬುದನ್ನು ಕೃತಜ್ಞತೆಯಿಂದ ಹೇಳಬೇಕು. 1965 ಮತ್ತು 1966ರಲ್ಲಿ ಸತತ ಎರಡು ವರ್ಷ ಮಳೆ ಕೈಕೊಟ್ಟಾಗ, 1966 ಒಂದೇ ವರ್ಷ ನಮ್ಮ ದೇಶ ಸುಮಾರು ಒಂದು ಕೋಟಿ ಟನ್ ಧಾನ್ಯ ಆಮದು ಮಾಡಿಕೊಂಡಿತು. ಹಡಗಿನಿಂದ ಇಳಿದ ಕಾಳು ನೇರವಾಗಿ ಬಾಯಿಗೆ ಹೋಗುತ್ತಿತ್ತು.

ಆದರೆ ಅದಕ್ಕೊಂದು ಬೆಲೆಯೂ ಇತ್ತು. ಆಗಿನ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ವರ್ಷಗಟ್ಟಲೆ ಒಪ್ಪಂದ ಮಾಡುವುದನ್ನು ನಿಲ್ಲಿಸಿ, ಸ್ವಲ್ಪ ಸ್ವಲ್ಪವಾಗಿ ಧಾನ್ಯ ಬಿಡತೊಡಗಿದರು. ಭಾರತ ತನ್ನ ಕೃಷಿ ನೀತಿಯನ್ನು ಬದಲಿಸಬೇಕು ಎಂಬುದು ಒಂದು ಒತ್ತಡ. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದ್ದು ಅವರಿಗೆ ಸೇರದೇ ಇದ್ದದ್ದು ಇನ್ನೊಂದು. ಮುಂದಿನ ಹಡಗು ಬರುತ್ತದೋ ಇಲ್ಲವೋ ಎಂದು ದೆಹಲಿ ಕಾಯಬೇಕಾಯಿತು. ನಮ್ಮ ಹಳ್ಳಿಗಳಲ್ಲಿಯೂ ಇದಕ್ಕೆ ಹೋಲುವ ಒಂದು ನೋವಿತ್ತು. ಹಾಲಿನ ಪುಡಿಗಾಗಿ ಇಗರ್ಜಿಗೆ ಹೋದವರು ಎಂಬ ಚುಚ್ಚುಮಾತನ್ನು ನಮ್ಮ ಕ್ರೈಸ್ತ ಕುಟುಂಬಗಳು ಕೇಳಿಸಿಕೊಂಡಿವೆ. ವಿಶ್ವಾಸದಿಂದ ಬಂದವರನ್ನೂ ಹಸಿವಿನಿಂದ ಬಂದವರೆಂದು ಎಣಿಸಿದರು. ದೇಶವಾಗಲಿ ಮನೆಯಾಗಲಿ, ಇನ್ನೊಬ್ಬರ ಹಂಗಿನ ಅನ್ನ ಉಣ್ಣುವಾಗ ತಲೆ ತಗ್ಗಿಸಬೇಕಾಗುತ್ತದೆ.

ಆ ಅವಮಾನವೇ ದೇಶವನ್ನು ಎಚ್ಚರಿಸಿತು ಎಂದರೂ ತಪ್ಪಲ್ಲ. 1965ರಲ್ಲಿ ಭಾರತೀಯ ಆಹಾರ ನಿಗಮ ಆರಂಭವಾಯಿತು. ಹೊಸ ತಳಿಯ ಗೋಧಿ, ಭತ್ತ, ನೀರಾವರಿ, ರೈತರಿಗೆ ಬೆಂಬಲ ಬೆಲೆ ಬಂದವು. 1971ರ ಹೊತ್ತಿಗೆ ಪಿ.ಎಲ್. 480ರ ಸರ್ಕಾರಿ ಆಮದು ನಿಂತಿತು. ಅದೇ ದೇಶ 2022ರಲ್ಲಿ ಹಸಿದ ಅಫ್ಘಾನಿಸ್ತಾನಕ್ಕೆ ಲಾರಿಗಟ್ಟಲೆ ಗೋಧಿಯನ್ನು ದಾನವಾಗಿ ಕಳುಹಿಸಿತು. ಬೇಡಿದ ಕೈ ಕೊಡುವ ಕೈಯಾಯಿತು.

ಹಡಗು ನಿಂತರೆ?

ಕೊಡುವವರ ಮನಸ್ಸು ಬದಲಾದರೆ ಸಹಾಯ ನಿಲ್ಲುತ್ತದೆ ಎಂಬುದಕ್ಕೆ ಹಳೆಯ ಕಾಲದ ಸಾಕ್ಷಿಯೇ ಬೇಕಿಲ್ಲ. 1961ರಲ್ಲಿ ಹುಟ್ಟಿದ ಅಮೆರಿಕದ ನೆರವು ಸಂಸ್ಥೆ ಯು.ಎಸ್. ಏಡ್‌ನ ಹಣವನ್ನು 2025ರ ಜನವರಿಯಲ್ಲಿ ಒಂದು ಆದೇಶದಿಂದ ತಡೆಹಿಡಿಯಲಾಯಿತು. ಅದೇ ವರ್ಷದ ಜುಲೈ 1ರಂದು ಆ ಸಂಸ್ಥೆಯ ಕೆಲಸ ಅಧಿಕೃತವಾಗಿ ಕೊನೆಗೊಂಡಿತು. ಯುದ್ಧದಿಂದ ನರಳುತ್ತಿದ್ದ ಸುಡಾನ್ ದೇಶದಲ್ಲಿ ಜನರೇ ನಡೆಸುತ್ತಿದ್ದ ನೂರಾರು ಗಂಜಿ ಕೇಂದ್ರಗಳ ಒಲೆ ಆರಿತು. ಆ ತಾಯಂದಿರು ಯಾವ ತಪ್ಪು ಮಾಡಿದ್ದರು? ಅವರ ಊಟ ಅವರ ಹಕ್ಕಾಗಿರಲಿಲ್ಲ, ಅಷ್ಟೇ.

ಅದೇ ದಿನಗಳಲ್ಲಿ ಔರಾದ್ ತಾಲ್ಲೂಕಿನ ಶಾಲೆಗಳಲ್ಲಿ ಮಧ್ಯಾಹ್ನದ ಗಂಟೆ ಹೊಡೆದಾಗ ಎಂದಿನಂತೆ ಅನ್ನ ಸಾರು ಬಡಿಸಲಾಯಿತು. ಯಾಕೆಂದರೆ ಆ ಅನ್ನ ಈಗ ಯಾವ ಹಡಗಿನಿಂದಲೂ ಬರುವುದಿಲ್ಲ. ಇದು ನಾವು ಅರ್ಥಮಾಡಿಕೊಳ್ಳಬೇಕಾದ ದೊಡ್ಡ ವ್ಯತ್ಯಾಸ.

ಹಾಗೆಂದು ಹೊರಗಿನ ಸಹಾಯವೆಲ್ಲ ಬೇಡವೆಂದಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಕುಡಿಯುವ ನೀರು ಕೊಡಲು ಈ ಶತಮಾನದ ಮೊದಲ ದಶಕದಲ್ಲಿ ನಡೆದ ಜಲನಿರ್ಮಲ ಯೋಜನೆಗೆ ವಿಶ್ವಬ್ಯಾಂಕ್ ಹಣ ಒದಗಿಸಿತ್ತು. ಬೀದರ್ ಜಿಲ್ಲೆಯೂ ಅದರಲ್ಲಿತ್ತು. ಆದರೆ ಅದು ಸಾಲ, ದಾನವಲ್ಲ. ಧರ್ಮಸಭೆಯ ಹಾಗೂ ಇತರ ಸೇವಾ ಸಂಸ್ಥೆಗಳಿಗೆ ಹೊರದೇಶದಿಂದ ಬರುವ ಹಣಕ್ಕೆ 1976ರಿಂದಲೇ ಕಾನೂನಿದೆ. 2010ರಲ್ಲಿ ಹೊಸ ಕಾಯ್ದೆ ಬಂದಿತು. 2020ರ ತಿದ್ದುಪಡಿಯ ನಂತರ ಅಂಥ ಹಣವನ್ನು ದೆಹಲಿಯ ಒಂದು ಬ್ಯಾಂಕ್ ಶಾಖೆಯ ಖಾತೆಯಲ್ಲಿಯೇ ಪಡೆಯಬೇಕು, ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ, ಆಡಳಿತದ ಖರ್ಚಿಗೆ ಶೇಕಡಾ 20ಕ್ಕಿಂತ ಹೆಚ್ಚು ಬಳಸುವಂತಿಲ್ಲ. ಫಾದರ್ ಹತ್ತಿರ ಫಾರಿನ್ ದುಡ್ಡಿದೆ ಎಂದು ಇಂದಿಗೂ ಭಾವಿಸುವ ನಮ್ಮ ಕೆಲವು ಭಕ್ತಾದಿಗಳು ಇದನ್ನು ಗಮನಿಸಿದರೆ ಒಳ್ಳೆಯದು! ನಮ್ಮ ಬುಟ್ಟಿಯನ್ನು ನಾವೇ ಹೊರತೆಗೆಯುವ ಕಾಲ ಬಂದಿದೆ.

ಪಂಕ್ತಿ ಹಾಕಿದ್ದು

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ ಕರ್ನಾಟಕದ 175 ತಾಲ್ಲೂಕುಗಳನ್ನು ಪರಿಶೀಲಿಸಿ ವರದಿ ಕೊಟ್ಟಿತು. 114 ತಾಲ್ಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಔರಾದ್ ಮತ್ತು ಭಾಲ್ಕಿ ಆ ಕೊನೆಯ ಸಾಲಿನಲ್ಲಿದ್ದವು. ಪಂಕ್ತಿಯ ಕಟ್ಟಕಡೆಗೆ ಕುಳಿತ ನಮ್ಮ ಜಿಲ್ಲೆಗೆ ಕೆಲವು ಯೋಜನೆಗಳು ಮೊದಲಿಗೇ ಬಂದವು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಮೊದಲನೆಯದು ಶಾಲೆಯ ಊಟ. 1995ರಲ್ಲಿ ಕೇಂದ್ರ ಸರ್ಕಾರದ ಯೋಜನೆಯಡಿ ಮಕ್ಕಳಿಗೆ ತಿಂಗಳಿಗೆ ಮೂರು ಕಿಲೋ ಧಾನ್ಯ ಕೊಡುತ್ತಿದ್ದರು. ಅದು ಮನೆಯ ಚೀಲಕ್ಕೆ ಸೇರುತ್ತಿತ್ತು, ಮಗುವಿನ ತಟ್ಟೆಗೆ ಸೇರುವ ಭರವಸೆ ಇರಲಿಲ್ಲ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್, ಶಾಲೆಯಲ್ಲಿ ಬೇಯಿಸಿದ ಬಿಸಿಯೂಟವನ್ನೇ ಕೊಡಬೇಕು ಎಂದು ಎಲ್ಲ ರಾಜ್ಯಗಳಿಗೆ ಆದೇಶಿಸಿತು. ಸರ್ಕಾರಿ ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿರುವಾಗ ಜನ ಹಸಿದಿರುವುದೇಕೆ ಎಂದು ಪಿ.ಯು.ಸಿ.ಎಲ್. ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ ಮೊಕದ್ದಮೆ ಅದು. 2002ರ ಜೂನ್‌ನಲ್ಲಿ ಕರ್ನಾಟಕ 'ಅಕ್ಷರ ದಾಸೋಹ'ವನ್ನು ಆರಂಭಿಸಿದ್ದು ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ. ಬೀದರ್ ಅದರಲ್ಲೊಂದು. ಮರುವರ್ಷ ಅದು ಉಳಿದ ಜಿಲ್ಲೆಗಳಿಗೂ ಹರಡಿತು. ಆ ಹೆಸರೂ ನಮ್ಮ ನೆಲದ್ದೇ. ಹನ್ನೆರಡನೆಯ ಶತಮಾನದಲ್ಲಿ ಇದೇ ಜಿಲ್ಲೆಯ ಕಲ್ಯಾಣದಲ್ಲಿ ಶರಣರು ದುಡಿದದ್ದನ್ನು ಹಂಚಿ ಉಣ್ಣುವ ದಾಸೋಹವನ್ನು ಕಲಿಸಿದರು. ಕೊಟ್ಟೆನೆಂಬ ಅಹಂಕಾರವಿಲ್ಲದೆ ಕೊಡುವುದನ್ನು ಕಲಿಸಿದರು.

ಎರಡನೆಯದು ಕೂಲಿ. 2006ರ ಫೆಬ್ರುವರಿ 2ರಂದು ಉದ್ಯೋಗ ಖಾತ್ರಿ ಕಾಯ್ದೆ ದೇಶದ 200 ಜಿಲ್ಲೆಗಳಲ್ಲಿ ಜಾರಿಗೆ ಬಂದಿತು. ಕರ್ನಾಟಕದ ಐದು ಜಿಲ್ಲೆಗಳಲ್ಲಿ ಬೀದರ್ ಒಂದು. ಹಳ್ಳಿಯ ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೆಲಸ. ಕೇಳಿದ 15 ದಿನದೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ. ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ. ಆ ಕಾಯ್ದೆಯ ಬದಲಿಗೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಅದು 125 ದಿನಗಳ ಮಾತು ಕೊಡುತ್ತದೆ. ಆದರೆ ಹಿಂದೆ ಕೂಲಿಯ ಹಣವನ್ನು ಕೇಂದ್ರವೇ ಪೂರ್ತಿ ಭರಿಸುತ್ತಿದ್ದರೆ, ಹೊಸ ಪದ್ಧತಿಯಲ್ಲಿ ಕರ್ನಾಟಕದಂಥ ರಾಜ್ಯ ಶೇಕಡಾ 40ರಷ್ಟು ಖರ್ಚು ಹೊರಬೇಕು. ದಿನಗಳ ಸಂಖ್ಯೆ ಕಾಗದದಲ್ಲಿ ಏರಿದರೆ ಸಾಲದು, ಪಂಚಾಯಿತಿಯಲ್ಲಿ ಕೆಲಸ ಸಿಗಬೇಕು.

ಮೂರನೆಯದು ಪಡಿತರ. 2013ರ ಜುಲೈನಲ್ಲಿ ಕರ್ನಾಟಕದಲ್ಲಿ ಅನ್ನಭಾಗ್ಯ ಆರಂಭವಾಯಿತು. ಅದೇ ವರ್ಷ ಸಂಸತ್ತು ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯನ್ನು ಮಾಡಿತು. ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ ಐದು ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ. 2023ರ ಜನವರಿಯಿಂದ ಅದನ್ನು ಕೇಂದ್ರ ಉಚಿತವಾಗಿ ಕೊಡುತ್ತಿದೆ. 2023ರ ಜುಲೈನಿಂದ ರಾಜ್ಯ ಸರ್ಕಾರ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ತಲಾ 170 ರೂಪಾಯಿ ಕೊಟ್ಟು, 2025ರ ಫೆಬ್ರುವರಿಯಿಂದ ಹಣದ ಬದಲು ಅಕ್ಕಿಯನ್ನೇ ಕೊಡತೊಡಗಿತು.

ಗೋಧಿ ನುಚ್ಚಿನ ಕಾಲಕ್ಕೂ ಇದಕ್ಕೂ ಏನು ವ್ಯತ್ಯಾಸ? ಅಂದು ಕೊಟ್ಟರೆ ಉಪಕಾರ, ಕೊಡದಿದ್ದರೆ ಕೇಳುವಂತಿರಲಿಲ್ಲ. ಇಂದು ಕೊಡದಿದ್ದರೆ ಕಾನೂನಿನ ಉಲ್ಲಂಘನೆ. ಧಾನ್ಯ ಒದಗಿಸದಿದ್ದರೆ ಅದರ ಬದಲು ಭತ್ಯೆ ಕೊಡಬೇಕೆಂದು 2013ರ ಕಾಯ್ದೆಯೇ ಹೇಳುತ್ತದೆ. ಆದ್ದರಿಂದ ನ್ಯಾಯಬೆಲೆ ಅಂಗಡಿಯ ಮುಂದೆ ನಿಂತ ತಾಯಿ ಭಿಕ್ಷೆಗೆ ನಿಂತವಳಲ್ಲ. ಪುಕ್ಕಟೆ ಅಕ್ಕಿಯಿಂದ ಜನ ಸೋಮಾರಿಗಳಾದರು ಎಂದು ಉಳ್ಳವರು ಆಡುವ ಮಾತನ್ನು ನಮ್ಮ ಮನೆಗಳಲ್ಲಿಯೂ ಕೇಳುತ್ತೇವೆ. ಬೆಳಗ್ಗೆ ಬೀದರ್ ನಗರದ ರಸ್ತೆ ಬದಿಯಲ್ಲಿ ಬುತ್ತಿ ಹಿಡಿದು ಕೂಲಿಗಾಗಿ ಕಾಯುವವರನ್ನು ಕಂಡವರು ಹಾಗೆ ಹೇಳಲಾರರು.

ಪೂಜಾರಿ ವರ ಕೊಡದಿದ್ದಾಗ

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡಲಿಲ್ಲ ಎಂಬ ಗಾದೆ ನಮಗೆಲ್ಲ ಗೊತ್ತು. ಗುರುಗಳಾದ ನಮಗೆ ಅದು ಸ್ವಲ್ಪ ಚುಚ್ಚುವ ಗಾದೆಯೂ ಹೌದು. ಭಾಲ್ಕಿ ಕಡೆಯ ಒಂದು ಹಳ್ಳಿಯಲ್ಲಿ ಪ್ರಾರ್ಥನೆ ಮುಗಿಸಿ ಹೊರಟಾಗ ಒಬ್ಬ ವೃದ್ಧೆ ನಮ್ಮ ಮುಂದೆ ತಮ್ಮ ಎರಡೂ ಅಂಗೈ ಚಾಚಿದರು. "ಮಶೀನು ನನ್ನ ಹೆಬ್ಬೆಟ್ಟು ತಗೋವಲ್ದ್ರಿ ಫಾದರ್. ಕಸ ಕಿತ್ತು ಕಿತ್ತು ಕೈ ಸವ್ದು ಹೋಗ್ಯಾವ" ಎಂದರು. ಎರಡು ತಿಂಗಳಿನಿಂದ ಅಕ್ಕಿ ಸಿಕ್ಕಿರಲಿಲ್ಲ. ಜೀವಮಾನವೆಲ್ಲ ಬೇರೆಯವರ ಹೊಲದಲ್ಲಿ ಅನ್ನ ಬೆಳೆದ ಕೈ ಅದು. ದುಡಿಮೆಯಿಂದ ಸವೆದ ಬೆರಳೇ ಅವರ ಅನ್ನಕ್ಕೆ ಅಡ್ಡವಾಗಿತ್ತು. ಆಗ ನಾವು ಮಾಡಿದ್ದೇನು? ಪರ್ಸಿನಿಂದ ಇನ್ನೂರು ರೂಪಾಯಿ ತೆಗೆದು ಅವರ ಕೈಗಿಟ್ಟು, ಸಮಾಧಾನ ಹೇಳಿ ಬಂದುಬಿಟ್ಟೆವು. ದಾರಿಯಲ್ಲಿ ಬರುವಾಗ ಮನಸ್ಸು ಚುಚ್ಚಿತು. ಅವರು ಕೇಳಿದ್ದು ತಮ್ಮ ಹಕ್ಕು. ನಾವು ಕೊಟ್ಟದ್ದು ಹಂಗು.

ಬೆರಳಚ್ಚು ಹೊಂದದಿದ್ದರೂ, ಆಧಾರ್ ಇಲ್ಲದಿದ್ದರೂ ಅರ್ಹರಿಗೆ ಧಾನ್ಯ ನಿರಾಕರಿಸಬಾರದು ಎಂದು ಕೇಂದ್ರ ಸರ್ಕಾರ 2017ರಲ್ಲೇ ರಾಜ್ಯಗಳಿಗೆ ಸೂಚನೆ ನೀಡಿದೆ. ಮರುವಾರ ನಮ್ಮ ಧರ್ಮಕೇಂದ್ರದ ಕಾಲೇಜು ಓದುವ ಹುಡುಗಿಯೊಬ್ಬಳು ಆ ಅಜ್ಜಿಯ ಜೊತೆ ಅಂಗಡಿಗೂ ತಾಲ್ಲೂಕು ಕಚೇರಿಗೂ ಹೋಗಿ, ಒಂದು ಅರ್ಜಿ ಬರೆದುಕೊಟ್ಟು, ದಿನಾಂಕವಿರುವ ಸ್ವೀಕೃತಿ ಪಡೆದಳು. ಮುಂದಿನ ತಿಂಗಳು ಅಕ್ಕಿ ಬಂತು. ನಮ್ಮ ಇನ್ನೂರು ರೂಪಾಯಿಗಿಂತ ಆ ಹುಡುಗಿಯ ಅರ್ಧ ದಿನ ದೊಡ್ಡದಾಯಿತು.

ಪಂಕ್ತಿಯಿಂದ ಜನ ಬಿಟ್ಟುಹೋಗುವ ದಾರಿಗಳು ಇನ್ನೂ ಇವೆ. ಪಡಿತರದ ಫಲಾನುಭವಿಗಳ ಸಂಖ್ಯೆಯನ್ನು ಕೇಂದ್ರ ಇಂದಿಗೂ 2011ರ ಜನಗಣತಿಯ ಮೇಲೆ ನಿಗದಿಪಡಿಸಿದೆ. 2021ರ ಗಣತಿ ನಡೆಯಲಿಲ್ಲ. ಅದಕ್ಕೆ 2027ನ್ನು ಗೊತ್ತುಮಾಡಲಾಗಿದೆ. ಈ ನಡುವೆ ಹುಟ್ಟಿದ ಮಕ್ಕಳು, ಬೇರೆಯಾದ ಮನೆಗಳು ಎಷ್ಟೋ. 2024ರ ನವೆಂಬರ್‌ನಲ್ಲಿ ಅನರ್ಹರನ್ನು ತೆಗೆಯುವ ಹೆಸರಿನಲ್ಲಿ ರಾಜ್ಯದಲ್ಲಿ ಬಿಪಿಎಲ್ ಚೀಟಿಗಳನ್ನು ರದ್ದುಪಡಿಸಿದಾಗ ಅರ್ಹ ಬಡವರ ಹೆಸರುಗಳೂ ಹೋದವು. ಜನ ದನಿ ಎತ್ತಿದ ಮೇಲೆ ಅವು ಮರಳಿದವು. ದನಿ ಎತ್ತದಿದ್ದರೆ? ಹಕ್ಕು ಎಂಬುದು ಒಮ್ಮೆ ಬರೆದಿಟ್ಟರೆ ತಾನಾಗಿ ಉಳಿಯುವ ವಸ್ತುವಲ್ಲ. ಅದನ್ನು ಕಾಯಬೇಕು.

ಹೊಟ್ಟೆ ತುಂಬಿತು, ರಕ್ತ ತುಂಬಿತೇ?

ಇನ್ನು ಲೆಕ್ಕದ ಮಾತು. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ರಕ್ತಹೀನತೆಯುಳ್ಳ ಮಕ್ಕಳು ಶೇಕಡಾ 65.5, ಹಿಂದಿನ ಸಮೀಕ್ಷೆಯಲ್ಲಿ ಇದು 60.9 ಇತ್ತು. ಅನ್ನಭಾಗ್ಯ ಬಂದ ಮೇಲೂ ರಕ್ತಹೀನತೆ ಏರಿತೆಂದರೆ ಏನರ್ಥ? ಅಕ್ಕಿ ಹಸಿವನ್ನು ತಣಿಸಿತು, ಪೋಷಣೆಯನ್ನು ಪೂರ್ತಿ ಕೊಡಲಿಲ್ಲ. ನಮ್ಮ ಅಜ್ಜಿಯರ ತಟ್ಟೆಯಲ್ಲಿ ಜೋಳದ ರೊಟ್ಟಿ, ತೊಗರಿ ಬೇಳೆ, ಹೆಸರುಕಾಳು, ಪುಂಡಿ ಪಲ್ಯ ಇರುತ್ತಿದ್ದವು. ಈಗ ಬೆಳೆದ ಬೇಳೆಯನ್ನು ಮಾರುತ್ತೇವೆ, ಉಚಿತ ಅಕ್ಕಿಗೆ ನೀರುಸಾರು ಕಲಸಿಕೊಳ್ಳುತ್ತೇವೆ. ಬೇಳೆ ಬೆಳೆಯುವ ನಾಡಿನ ಮಕ್ಕಳಿಗೇ ಬೇಳೆ ಕಡಿಮೆ!

ಇದನ್ನರಿತು 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲು ಆರಂಭಿಸಿದರು. ಮರುವರ್ಷ ಅದು ಇಡೀ ರಾಜ್ಯಕ್ಕೆ ಬಂದಿತು. ಶಾಲೆಯಲ್ಲಿ ಹಾಲು 2013ರಿಂದ, ಅಂಗನವಾಡಿಯಲ್ಲಿ ಗರ್ಭಿಣಿ ಬಾಣಂತಿಯರಿಗೆ ಬಿಸಿಯೂಟ 2017ರಿಂದ ಇದೆ. ಇವು ಸರಿಯಾಗಿ ತಲುಪುತ್ತಿವೆಯೇ ಎಂದು ನೋಡುವವರು ಯಾರು?

ನಾವೇನು ಮಾಡಬಹುದು?

ಇದ್ದುದನ್ನು ಹೊರತೆಗೆಯುವ ಪಾಠವನ್ನು ನಮ್ಮ ಜಿಲ್ಲೆಯ ಬಡ ಹೆಣ್ಣುಮಕ್ಕಳೇ ಕಲಿಸಿದ್ದಾರೆ. ಬೀದರ್ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕ್ ಗುರುಪಾದಪ್ಪ ನಾಗಮಾರಪಳ್ಳಿಯವರ ನೇತೃತ್ವದಲ್ಲಿ ಸ್ವಸಹಾಯ ಸಂಘಗಳಿಗೆ ಸಾಲ ಕೊಡತೊಡಗಿದಾಗ, ವಾರದ ಪುಡಿಗಾಸಿನಿಂದ ಆರಂಭವಾದ ಸಂಘಗಳು ದೇಶದ ಗಮನ ಸೆಳೆದವು. ಆ ಉಳಿತಾಯದ ಮೊದಲ ಕಾಸು ಯಾವ ಹಡಗಿನಲ್ಲೂ ಬಂದದ್ದಲ್ಲ, ಅವರ ಸೆರಗಿನ ಗಂಟಿನಿಂದ ಬಂದದ್ದು.

ನಮ್ಮ ಧರ್ಮಕೇಂದ್ರದ ಕುಟುಂಬಗಳು ಈ ಮುಂಗಾರಿನಲ್ಲಿ ನಾಲ್ಕು ಕೆಲಸ ಮಾಡಬಹುದು. ಒಂದು, ನೆರೆಹೊರೆಯಲ್ಲಿ, ಯಾವ ಜಾತಿ ಧರ್ಮದವರೇ ಇರಲಿ, ಪಡಿತರ ಚೀಟಿ ಇಲ್ಲದ ಅಥವಾ ಹೆಸರು ಬಿಟ್ಟುಹೋದ ಮನೆಗಳನ್ನು ಗುರುತಿಸಿ. ಇ-ಕೆವೈಸಿ, ಸೇರ್ಪಡೆ ಅರ್ಜಿಗಳಿಗೆ ನಮ್ಮ ಓದಿದ ಮಕ್ಕಳು ಜೊತೆಗೆ ಹೋಗಲಿ. ದೂರಿಗೆ 1967 ಸಂಖ್ಯೆಯ ಸಹಾಯವಾಣಿ ಇದೆ; ಮೌಖಿಕವಾಗಿ ಹೇಳಿ ಸುಮ್ಮನಾಗದೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಎರಡು, ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋಗುವವರಿಗೆ ತಿಳಿಸಿ: ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಕೇಂದ್ರದ ಪಾಲಿನ ಧಾನ್ಯವನ್ನು ಅಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಪಡೆಯಬಹುದು. ಮೂರು, ಶಾಲೆಯ ಉಸ್ತುವಾರಿ ಸಮಿತಿಗೆ, ಗ್ರಾಮಸಭೆಗೆ ಹೋಗಿ. ತಿಂಗಳಿಗೊಮ್ಮೆ ಮಕ್ಕಳ ಪಂಕ್ತಿಯಲ್ಲಿ ಕುಳಿತು ಉಂಡು ನೋಡಿ. ನಾಲ್ಕು, ಮನೆಯಲ್ಲಿ ಬೆಳೆದ ಬೇಳೆಯಲ್ಲಿ ಮಕ್ಕಳ ಪಾಲನ್ನು ಮೊದಲು ತೆಗೆದಿಟ್ಟು ಉಳಿದದ್ದನ್ನು ಮಾರಿ.

ಪ್ರಿಯರೇ, ಬಲಿಪೀಠದ ಮುಂದೆ ಸಾಲಾಗಿ ಬಂದಾಗ ಹೊಲದ ಮಾಲೀಕನಿಗೂ ಕೂಲಿಯವಳಿಗೂ ಒಂದೇ ರೊಟ್ಟಿ ಸಿಗುತ್ತದೆ. ಅಲ್ಲಿ ಯಾರೂ ಯಾರ ಹಂಗಿನಲ್ಲೂ ಇಲ್ಲ. ಆ ಸಾಲು ದೇವಾಲಯದ ಬಾಗಿಲಿಗೇ ಮುಗಿಯಬಾರದು. ನ್ಯಾಯಬೆಲೆ ಅಂಗಡಿಯವರೆಗೂ ಅಂಗನವಾಡಿಯವರೆಗೂ ಬೆಳೆಯಬೇಕು. ಹಬ್ಬದ ಮೆರವಣಿಗೆ ಮುಗಿದ ಮೇಲೆ, ಸವೆದ ಹೆಬ್ಬೆಟ್ಟಿನ ಒಬ್ಬ ಅಜ್ಜಿ ನಮ್ಮ ಓಣಿಯಲ್ಲಿಯೂ ಇದ್ದಾರೆಯೇ ಎಂದು ಒಮ್ಮೆ ಹೋಗಿ ಕೇಳೋಣ. ಪ್ರಭು ಕ್ರಿಸ್ತರು ನಿಮ್ಮ ಹೊಲಗಳಿಗೆ ಒಳ್ಳೆಯ ಮಳೆಯನ್ನೂ, ನಿಮ್ಮ ಮನೆಗಳಿಗೆ ಹಂಚಿ ಉಣ್ಣುವ ಮನಸ್ಸನ್ನೂ ಕರುಣಿಸಲಿ.